ಕುಡಿಯದೆ ಇಟ್ಟ ಕಾಫಿ

ಅಮ್ಮಾನ್
ನವೆಂಬರ್ 16, ಶನಿವಾರ

ಲಮೀಸ್, ನನ್ನ ಮಗಳೇ,

ಫೋನ್ ಇರುವಾಗ ಕಾಗದ ಯಾಕೆ ಅಂತ ನಿನಗೆ ನಗು ಬರಬಹುದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದೊಂದು. ಎತ್ತಿದರೂ ನಡುವೆ ಯಾರದೋ ಕರೆ ಬರುತ್ತದೆ, ನಾನು ‘ಒಂದು ನಿಮಿಷ’ ಅನ್ನುತ್ತೇನೆ. ನನ್ನ ಒಂದು ನಿಮಿಷ ಎಷ್ಟು ಉದ್ದ ಅಂತ ನಿನಗೆ ಗೊತ್ತು.

ಇರ್ಬಿದ್‌ನಲ್ಲಿ ಚಳಿ ಶುರುವಾಗಿರಬೇಕು. ನೀನು ಸೋದರತ್ತೆಯ ಮನೆ ಬಿಟ್ಟು, ಪಾಠ ಮಾಡುವ ಶಾಲೆಯ ಹತ್ತಿರ ಬೇರೆ ಮನೆ ಹಿಡಿದಿದ್ದೀಯಂತೆ. ನನಗೆ ತಿಳಿದೇ ಇದೆ ಅಂದುಕೊಂಡು ಅತ್ತೆ ಹೇಳಿದರು. ನಾನೂ ತಿಳಿದವಳ ಹಾಗೆ ಹೂಂಗುಟ್ಟಿದೆ. ಊರವರ ಮನೆಗೆಲ್ಲ ಪರದೆ, ದೀಪ, ಗೋಡೆಯ ಬಣ್ಣ ಆರಿಸಿಕೊಡುವವಳಿಗೆ ಮಗಳ ಮನೆಯ ವಿಷಯ ಬೇರೆಯವರ ಬಾಯಿಂದ ಗೊತ್ತಾಯಿತು.

ನಾನು ಚೆನ್ನಾಗಿದ್ದೇನೆ ಅಂತ ಬರೆದು ಹೊಡೆದುಹಾಕಿದೆ. ದಣಿದಿದ್ದೇನೆ. ಬೆಳಿಗ್ಗೆ ಎದ್ದಾಗಲೇ ದಣಿದಿರುತ್ತೇನೆ. ಮೊನ್ನೆ ಒಂದು ಮನೆಯಲ್ಲಿ ಗೋಡೆ ಅಳೆಯಲು ಹೋದವಳು ಟೇಪು ಕೈಯಲ್ಲಿ ಹಿಡಿದುಕೊಂಡೇ ಅವರ ಹೊಸ ಸೋಫಾದ ಮೇಲೆ ನಿದ್ದೆಹೋದೆ. ಮನೆಯವರು ಎಬ್ಬಿಸಲಿಲ್ಲ. ಸೋಫಾದ ಪ್ಲಾಸ್ಟಿಕ್ ಕೆನ್ನೆಗೆ ಅಂಟಿಕೊಂಡು ತಾನಾಗಿ ಎಚ್ಚರವಾಯಿತು.

ಆ ಶುಕ್ರವಾರದ ವಿಷಯ ಬರೆಯಲೇಬೇಕು. ಏಳು ವಾರವಾಯಿತು. ನೀನು ಏನೋ ಹೇಳಲಿಕ್ಕೆಂದೇ ಬಂದಿದ್ದೆ, ಊಟ ಮುಗಿಯಲಿ ಅಂತ ಕಾಯುತ್ತಿದ್ದೆ. ನಾನು ಮಕ್ಲೂಬಾ ಅನ್ನದ ಪಾತ್ರೆಯನ್ನು ತಟ್ಟೆಗೆ ಮಗುಚುತ್ತಿದ್ದಂತೆ ಉಮ್ಮ್ ಶಾಹಿರ್ ಮೆಟ್ಟಿಲು ಹತ್ತಿ ಬಂದರು, ಕಂಕುಳಲ್ಲಿ ನಮ್ಮ ಬಟ್ಟೆ ಮಾದರಿಗಳ ದಪ್ಪ ಪುಸ್ತಕ. ಮಗನ ಮದುವೆಗೆ ಅವರ ಅತಿಥಿಗಳ ಕೋಣೆ ನಾನೇ ಮಾಡಿಕೊಡಬೇಕಿತ್ತು. ಊಟಕ್ಕೆ ಕೂರಿಸಿದೆ, ಕೂರಿಸದಿರಲು ಆಗುತ್ತದೆಯೇ? ಅವರು ತಟ್ಟೆ ಸರಿಸಿ ಮೇಜಿನ ತುಂಬ ಪುಸ್ತಕ ಹರಡಿದರು. ಕಾಫಿ ಕೊಟ್ಟರೆ ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು. ಕೋಣೆ ಮಾತಾಡಿದ್ದಕ್ಕಿಂತ ಒಂದು ತಿಂಗಳು ಮೊದಲೇ ಮುಗಿಯಬೇಕು, ಒಪ್ಪುವವರೆಗೂ ಕುಡಿಯುವುದಿಲ್ಲ ಅಂದರು.

ನನ್ನ ಮದುವೆ ಗೊತ್ತಾದದ್ದೂ ಹಾಗೆಯೇ. ನನ್ನನ್ನು ಕೇಳಲು ಬಂದ ಹಿರಿಯರು ಕಾಫಿ ಕೆಳಗಿಟ್ಟರು, ನನ್ನ ತಂದೆ ‘ಕುಡಿಯಿರಿ’ ಅಂದರು, ಅಷ್ಟೇ. ಕೆಳಗಿಟ್ಟ ಬಟ್ಟಲಿಗೆ ಇಲ್ಲ ಅನ್ನುವುದನ್ನು ನನಗೆ ಯಾರೂ ಕಲಿಸಿಲ್ಲ. ನಾನೂ ‘ಕುಡಿಯಿರಿ’ ಅಂದೆ.

ನೀನು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತೆ. “ನಿನ್ನ ಹತ್ರ ಏನಾದ್ರೂ ಕೇಳ್ಬೇಕು ಅಂದ್ರೆ ನಾನೂ ಬಟ್ಲು ಕೆಳಗಿಡ್ಬೇಕಾಮ್ಮ?” ಅಂದೆ. ನಾನು ಆಗ ಪರದೆಯ ಬಟ್ಟೆ ನೋಡುತ್ತಿದ್ದೆ. ತಲೆ ಎತ್ತಿದಾಗ ನೀನಿರಲಿಲ್ಲ.

ಆಮೇಲೆ ಪ್ರಯತ್ನಪಟ್ಟೆ, ನಂಬು. ಕೆಳಗೆ ಕೆಲಸದ ಕೋಣೆಯ ಬಾಗಿಲಿಗೆ ಶುಕ್ರವಾರ ರಜೆ ಅಂತ ಬೋರ್ಡು ಹಾಕಿದೆ. ಜನ ಅದನ್ನು ಓದಿಕೊಂಡು ಮನೆಯ ಮೆಟ್ಟಿಲು ಹತ್ತಿ ಬಂದರು, ‘ಕೆಲಸಕ್ಕಲ್ಲ, ನಿನ್ನನ್ನು ನೋಡಿಕೊಂಡು ಹೋಗೋಣ ಅಂತ ಬಂದೆವು’ ಅಂದರು. ಮನೆಯವರಿಗೆ ಮಾತ್ರ ಅಂತ ಎರಡನೇ ಫೋನ್ ಕೊಂಡೆ. ಹತ್ತು ದಿನದಲ್ಲಿ ಆ ನಂಬರು ಬಡಗಿಯ ಹತ್ತಿರ ಇತ್ತು, ಅವನಿಂದ ಎಲ್ಲರ ಹತ್ತಿರ. ಬಡಗಿಗೆ ಕೊಟ್ಟವಳು ನಾನೇ.

ನಿಮ್ಮಪ್ಪ ತೀರಿಕೊಂಡ ವರ್ಷ ಈ ಕೆಲಸ ಶುರುಮಾಡಿದಾಗ, ಬಾಗಿಲು ತಟ್ಟಿದವರೆಲ್ಲ ದೇವರೇ ಕಳಿಸಿದವರ ಹಾಗೆ ಕಂಡರು. ಹದಿನಾಲ್ಕು ವರ್ಷದಿಂದ ಅದನ್ನೇ ಕಾರಣವಾಗಿ ಹೇಳುತ್ತಿದ್ದೇನೆ. ಪೂರ್ತಿ ನಿಜವಲ್ಲ. ನಾನಿಲ್ಲದೆ ಅವರಿಗೆ ಆಗುವುದಿಲ್ಲ ಅನ್ನುವುದು ನನಗೆ ಇಷ್ಟವಾಗುತ್ತದೆ.

ನಿನ್ನೆ ಉಮ್ಮ್ ಶಾಹಿರ್ ಮತ್ತೆ ಬಂದರು. ಮದುಮಕ್ಕಳ ಮಲಗುವ ಕೋಣೆಯೂ ಮದುವೆಗೆ ಮೊದಲೇ ಆಗಬೇಕಂತೆ. ಬಟ್ಟಲು ಕೆಳಗಿಟ್ಟರು. ನಾನು ನನ್ನ ಬಟ್ಟಲನ್ನು ಅದರ ಪಕ್ಕ ಇಟ್ಟೆ.

“ನಾನೂ ಕುಡಿಯಲ್ಲ. ನನಗೂ ಒಂದು ಕೇಳೋದಿದೆ.”

“ಕೇಳೋಕೆ ನೀನೇನು ಅತಿಥಿಯೇನೆ, ನಿನ್ನ ಮನೇಲೇ?”

“ಶುಕ್ರವಾರ ಹಾಗೇ ಆಗಿದೀನಿ.”

ಶುಕ್ರವಾರ ಈ ಮೆಟ್ಟಿಲು ಹತ್ತಬೇಡಿ, ಭಾನುವಾರ ಕೆಳಗೆ ಬನ್ನಿ, ಮಲಗುವ ಕೋಣೆ ಮದುವೆಯಾದ ಮೇಲೆ ಅಂದೆ. ಎರಡೂ ಕಾಫಿ ತಣ್ಣಗಾದವು. ಕುಡಿಯದೆ ಎದ್ದುಹೋದರೆ ಅವರ ಬಳಗದಲ್ಲಿ ಇನ್ನೊಬ್ಬರೂ ನನ್ನನ್ನು ಕರೆಯುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅವರು ಕೇಳಿದ್ದೇ ಬೇರೆ.

“ಆವತ್ತು ನಿನ್ನ ಮಗಳು ಮಡಚಿದ ಕಾಗದ ಒಂದನ್ನ ತಟ್ಟೆ ಪಕ್ಕ ಇಟ್ಕೊಂಡು ಮುಟ್ಟಿ ಮುಟ್ಟಿ ನೋಡ್ತಿದ್ಲು. ಏನದು?”

ಗೊತ್ತಿಲ್ಲ ಅಂದೆ.

“ಕೇಳ್ಲಿಲ್ವಾ?”

ಇಲ್ಲ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಣ್ಣಗಿನ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಮುಖ ಕಿವುಚಿದರು. “ಕುಡಿದೆ. ನಿಂದೂ ಕುಡಿ, ಶಿಕ್ಷೆ ಇಬ್ರಿಗೂ ಇರ್ಲಿ.”

ಅವರು ಹೋದ ಮೇಲೆ ಮೇಜಿನ ಕೆಳಗೆ, ಕುರ್ಚಿಯ ದಿಂಬುಗಳ ಸಂದಿಯಲ್ಲಿ ಹುಡುಕಿದೆ. ಆ ಕಾಗದ ಸಿಗಲಿಲ್ಲ. ನೀನೇ ತೆಗೆದುಕೊಂಡು ಹೋಗಿರಬೇಕು. ಏನಿತ್ತು ಅದರಲ್ಲಿ? ಬರುವ ಶುಕ್ರವಾರ ಬಂದು ಹೇಳುತ್ತೀಯಾ? ಮನೆಯಲ್ಲಿ ನಾವಿಬ್ಬರೇ ಇರುತ್ತೇವೆ ಅಂತ ಮಾತು ಕೊಡಲು ಧೈರ್ಯವಿಲ್ಲ. ಇದನ್ನು ಬರೆಯುವಾಗಲೇ ಎರಡು ಸಲ ಫೋನ್ ಎತ್ತಿದ್ದೇನೆ.

ನಿನ್ನ ದಾರಿ ನೋಡುತ್ತಿರುವ
ಅಮ್ಮ, ರುವೈದಾ

ತಾ.ಕ.: ಭಾನುವಾರ. ಕಾಗದ ಅಂಚೆಗೆ ಹಾಕುವ ಮೊದಲೇ ಉಮ್ಮ್ ಶಾಹಿರ್ ಕೆಳಗಿನ ಬಾಗಿಲಿಗೆ ಬಂದು ಮಾದರಿ ಪುಸ್ತಕ ಕೊಟ್ಟು, ಕೂರದೆ ಹೋದರು. ಹಸಿರು ಮಖಮಲ್ಲಿನ ತುಂಡುಗಳ ನಡುವೆ ನಿನ್ನ ಕಾಗದ ಸಿಕ್ಕಿಕೊಂಡಿತ್ತು. ಗಣಿತದ ಚೌಕುಳಿ ಹಾಳೆ, ಪೆನ್ಸಿಲಿನಲ್ಲಿ ನಿನ್ನ ಎರಡು ಕೋಣೆಗಳ ನಕ್ಷೆ. ಒಲೆ, ಕಿಟಕಿ, ನಿನ್ನ ಮೇಜು, ನಿನ್ನ ಮಂಚ. ಬಾಗಿಲ ಪಕ್ಕ ಇನ್ನೊಂದು ಸಣ್ಣ ಮಂಚ, ಅದರೊಳಗೆ ಬರೆದಿದ್ದೀಯ: ‘ಅಮ್ಮ, ಗುರುವಾರದಿಂದ ಶನಿವಾರದವರೆಗೆ.’

ಬಾಗಿಲು ತೆರೆದರೆ ಆ ಮಂಚಕ್ಕೆ ಬಡಿಯುತ್ತದೆ. ಬಡಿಯಲಿ, ಏನನ್ನೂ ಸರಿಸಬೇಡ. ನೀನು ಬರುವುದು ಬೇಡ, ಗುರುವಾರ ನಾಲ್ಕರ ಬಸ್ಸಿಗೆ ನಾನೇ ಬರುತ್ತೇನೆ. ಎರಡೂ ಫೋನ್ ಇಲ್ಲೇ ಇರುತ್ತವೆ. ಕಾಫಿ ಮಾಡು, ಬಿಸಿ ಇರುವಾಗಲೇ ಇಬ್ಬರೂ ಕುಡಿಯೋಣ. ನೀನು ಬಟ್ಟಲು ಕೆಳಗಿಡಬೇಕಾಗಿಲ್ಲ, ಸುಮ್ಮನೆ ಕೇಳು.