ಪರ್ತ್‌ನಿಂದ ಬಂದ ಗಂಡ

ಸೆಮಿಸಿಗೆ,

ಅತ್ತೆ ಚೇತರಿಸಿಕೊಳ್ಳುತ್ತಿದ್ದಾರೆ. ನಿನ್ನೆ ಮೀನಿನ ಸಾರು ಕುಡಿದರು.

ಅವರು ಕುಸಿದು ಬಿದ್ದ ದಿನ ನಾನು ಫೋನ್ ಮಾಡಿದಾಗ, ನೀನು "ಪರ್ತ್‌ನಲ್ಲೇ ಇದೀನಿ ಮೆಲೆ, ಗಣಿ ಕೆಲಸ ಬಿಟ್ಟು ಈಗ್ಲೇ ಹೊರಟೆ" ಎಂದೆ. ಅಲ್ಲಿಂದ ನಮ್ಮ ಬ್ರಿಸ್ಬೇನ್‌ಗೆ ವಿಮಾನದಲ್ಲೇ ಸುಮಾರು ಐದು ಗಂಟೆಯ ದಾರಿ. ತಾಯಿಯ ಬಗೆಗಿನ ಆತಂಕದಲ್ಲಿ ನಿನಗೆ ಅದೂ ನೆನಪಾಗಲಿಲ್ಲ. ಒಂದು ಗಂಟೆಯೊಳಗೆ ನೀನು ಆಸ್ಪತ್ರೆಗೆ ಓಡಿ ಬಂದೆ.

"ಎಷ್ಟು ಬೇಗ ಬಂದ್ಬಿಟ್ಯೋ ಮಗನೇ! ದೇವ್ರೇ ಎತ್ಕೊಂಡು ಬಂದ್ನಾ?" ಎಂದು ಅತ್ತೆ ನಿನ್ನ ಕೈ ಹಿಡಿದು ಅತ್ತರು. ನೀನು ನನ್ನ ಮುಖ ನೋಡಲಿಲ್ಲ.

ಈ ಊರಲ್ಲೇ ನಿನಗೆ ಇನ್ನೊಂದು ಮನೆಯಿದೆ. ಅಲ್ಲಿ ಯಾರಿದ್ದಾರೆಂದು ನನಗೆ ಹೇಳಬೇಡ. ನಿನ್ನ ಬಟ್ಟೆಗಳನ್ನೆಲ್ಲ ಒಗೆದು ಮಡಿಸಿಟ್ಟಿದ್ದೇನೆ. ಭಾನುವಾರ ನಾನು ಚರ್ಚಿಗೆ ಹೋದಾಗ ಬಂದು ತೆಗೆದುಕೊಂಡು ಹೋಗು. ಅತ್ತೆ ನನ್ನ ಜೊತೆಯಲ್ಲೇ ಇರುತ್ತಾರೆ. ಅವರಿಗೆ ಮಾತ್ರ ನಿಜವನ್ನು ನೀನೇ ಹೇಳು, ನನಗೆ ಬಾಯಿ ಬರುವುದಿಲ್ಲ.

ಮೆಲೆ