ಮೋಟರು ಇಲ್ಲಿ, ಬೆಳೆ ಅಲ್ಲಿ

ವಿದ್ಯುತ್ ಕಚೇರಿಯ ಮಾನ್ಯ ಎಂಜಿನಿಯರರೇ,

ಈಗ ಸಂಜೆ ಐದೂವರೆ. ಬೆಳಿಗ್ಗೆ ನಿಮ್ಮ ಸಿಬ್ಬಂದಿ ರೊದ್ದಂ ಹತ್ತಿರದ ನನ್ನ ಹೊಲಕ್ಕೆ ಬಂದರು. ಮಧ್ಯಾಹ್ನದೊಳಗೆ ನನ್ನ ಬೋರ್‌ವೆಲ್ 'ಬಳಕೆಯಲ್ಲಿಲ್ಲ' ಎಂದಾಯಿತು. ಮೂರು ದಿನದಲ್ಲಿ ಕರೆಂಟು ತೆಗೆಯುತ್ತೀರೆಂಬ ನೋಟೀಸು ಸ್ಟಾರ್ಟರ್ ಪೆಟ್ಟಿಗೆಗೆ ಅಂಟಿತು. ಆಗ ಪೈಪಿನಲ್ಲಿ ನೀರು ಹೋಗುತ್ತಿತ್ತು. ನಿಮ್ಮವರು ಅದೇ ಪೈಪನ್ನು ದಾಟಿ ಬಂದು ಬರೆದರು. ಇಷ್ಟು ಏಕಾಗ್ರತೆ ನನಗಿದ್ದಿದ್ದರೆ ಹತ್ತನೇ ಕ್ಲಾಸು ಪಾಸಾಗುತ್ತಿದ್ದೆ.

ಅವರು ಹಾಗೆ ಬರೆದದ್ದಕ್ಕೆ ಕಾರಣವಿದೆ, ಒಪ್ಪುತ್ತೇನೆ. ಮೋಟರಿರುವ ನನ್ನ ಹೊಲದಲ್ಲಿ ಹಸಿರಿಲ್ಲ. ನೀರು ಪಕ್ಕದ ನರಸಕ್ಕನ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತದೆ. ಇದು ಧರ್ಮವಲ್ಲ, ಬೇಸಾಯ. ಈ ಏರ್ಪಾಡು ನನ್ನ ಹೆಂಡತಿ ರಂಗಲಕ್ಷ್ಮಮ್ಮನದು. ಮೂರು ವರ್ಷದ ಹಿಂದೆ ಬೋರಿನ ನೀರು ಎರಡಿಂಚಿನಿಂದ ಒಂದಿಂಚಿಗೆ ಇಳಿದಾಗ, ನಾನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಅಂತರ್ಜಲ ಹುಡುಕುವವನ ಹಿಂದೆ ಸುತ್ತುತ್ತಿದ್ದೆ. ಅವಳು ಒಂದು ಬೆಳಿಗ್ಗೆ ನೀರನ್ನು ಮೊದಲು ನಮ್ಮ ಗರಸು ನೆಲಕ್ಕೆ, ಆಮೇಲೆ ಅಷ್ಟೇ ಹೊತ್ತು ನರಸಕ್ಕನ ಎರೆ ನೆಲಕ್ಕೆ ಬಿಟ್ಟು ನೋಡಿದಳು. ನಮ್ಮಲ್ಲಿ ನಾಲ್ಕು ಸಾಲು ನೆನೆಯಿತು, ಅಲ್ಲಿ ಹತ್ತು.

"ನೀವು ಟೀ ಕುಡಿದಂಗೆ ಕುಡೀತದೆ ಈ ಹೊಲ, ಆಮೇಲೆ ಏನೂ ಕಾಣಾಕಿಲ್ಲ. ನೀರು ಅಲ್ಲಿಗೋಗ್ಲಿ, ರೇಷ್ಮೆ ಗೂಡಲ್ಲಿ ಮೂರನೇ ಪಾಲು ಇಲ್ಲಿಗ್ ಬರ್ಲಿ," ಅಂದಳು.

ಅಂದಿನಿಂದ ಹಾಗೇ ನಡೆದಿದೆ. ನನ್ನಲ್ಲಿ ಒಂದು ಮೂಟೆ ಕಡಲೆಕಾಯಿಯೂ ಆಗದ ನೀರು, ಅಲ್ಲಿ ವರ್ಷಕ್ಕೆ ಐದು ಸಲ ರೇಷ್ಮೆ ಗೂಡಾಗಿ ಹಿಂದೂಪುರದ ಮಾರುಕಟ್ಟೆಗೆ ಹೋಗುತ್ತದೆ. ಎರಡು ಮನೆ ಉಣ್ಣುತ್ತವೆ. ಕಳೆದ ಶ್ರಾವಣದಲ್ಲಿ ರಂಗಲಕ್ಷ್ಮಮ್ಮ ತೀರಿಕೊಂಡಳು. ಆ ದಿನದ ನನ್ನ ದಿನಚರಿಯಲ್ಲಿರುವುದು 'ಇವತ್ತೂ ನೀರು ನರಸಕ್ಕನ ಕಡೆಗೆ ಬಿಟ್ಟೆ' ಎಂಬ ಒಂದು ಸಾಲು. ಬೇರೆ ಬರೆಯಲು ಬರಲಿಲ್ಲ.

ಇಷ್ಟನ್ನೂ ನಿಮ್ಮವರಿಗೆ ಹೇಳಿದೆ. "ಮೋಟರು ಉಂದಿ, ಪೈರು ಲೇದು," ಅಂದರು; ಮೋಟರಿದೆ, ಪೈರಿಲ್ಲ, ಅಷ್ಟೇ. ನರಸಕ್ಕ ತಲೆಯ ಮೇಲಿನ ಸೊಪ್ಪಿನ ಹೊರೆ ಇಳಿಸದೆಯೇ, "ಮೋಟ್ರು ಮಕ ಏನ್ ನೋಡ್ತೀಯಪ್ಪ? ನೀರಿನ್ ಹಿಂದೆ ನಾಕೆಜ್ಜೆ ಬಾ," ಅಂದಳು. ಚಪ್ಪಲಿ ಕೆಸರಾಗುತ್ತದೆಂದು ಅವರು ಹೋಗಲಿಲ್ಲ.

ಮಾನ್ಯರೇ, ನೀರಿನ ಬೆಲೆ ತಿಳಿಯುವುದು ಅದು ಹೊರಡುವ ಜಾಗದಲ್ಲೋ, ಸೇರುವ ಜಾಗದಲ್ಲೋ? ಅದನ್ನು ನನ್ನ ಗರಸಿಗೆ ತಿರುಗಿಸಿ ನಾಲ್ಕು ಸಾಲು ಹುಲ್ಲು ಬೆಳೆಸಿದರೆ ನಿಮ್ಮ ಪಟ್ಟಿಯಲ್ಲಿ ನಾನು ರೈತ. ಪೋಲು ಮಾಡಿದರೆ ಸಂಪರ್ಕ ಉಳಿಯುತ್ತದೆ, ಮಾಡದಿದ್ದರೆ ಹೋಗುತ್ತದೆ. ರೈತರಿಗೆ ಕರೆಂಟು ಪುಕ್ಕಟೆ ಕೊಟ್ಟಿರಿ, ಸಂತೋಷ. ಅದರ ಜೊತೆಗೆ ಬುದ್ಧಿಗೆ ದಂಡವನ್ನೂ ಕೊಟ್ಟಿದ್ದೀರೆಂದು ಗೊತ್ತಿರಲಿಲ್ಲ.

ಇದರ ಜೊತೆಗೆ ತೆಲುಗು ಪ್ರತಿಯನ್ನೂ ಇಟ್ಟಿದ್ದೇನೆ. ಇರುವುದು ತೆಲುಗು ಸೀಮೆಯಾದರೂ ಓದಿದ್ದು ಕನ್ನಡ ಶಾಲೆಯಾದ್ದರಿಂದ ಕೋಪ ಮಾತ್ರ ಕನ್ನಡದಲ್ಲೇ ಚೆನ್ನಾಗಿ ಬರುತ್ತದೆ.

ನೋಟೀಸು ಹಿಂದಕ್ಕೆ ಪಡೆಯಿರಿ. ನಿಮ್ಮ ನಮೂನೆಯಲ್ಲಿ 'ನೀರು ಎಲ್ಲಿಗೆ ಹೋಗುತ್ತದೆ' ಎಂಬ ಒಂದು ಕಲಂ ಸೇರಿಸಿ. ತಡಮಾಡಬೇಡಿ. ನರಸಕ್ಕನ ರೇಷ್ಮೆ ಹುಳಗಳು ನಾಲ್ಕನೇ ಜ್ವರಕ್ಕೆ ಮಲಗಿವೆ. ಅದು ಗೂಡು ಕಟ್ಟುವ ಮೊದಲು ಅವು ಪೊರೆ ಬಿಡುವ ಕೊನೆಯ ನಿದ್ದೆ. ಎದ್ದ ಮೇಲೆ ವಾರವಿಡೀ ಹಗಲಿರುಳು ಸೊಪ್ಪು ತಿನ್ನುತ್ತವೆ. ಸೊಪ್ಪು ಬಾಡಿದರೆ ಗೂಡಿಲ್ಲ. ನಾಳೆ ಬೆಳಿಗ್ಗೆ ಅವು ಏಳುತ್ತವೆ.

ಇಂತಿ,
ನಿಮ್ಮ ಕಾಗದದ ಪ್ರಕಾರ ಬೇಸಾಯವಿಲ್ಲದ
ಜಯರಾಮಪ್ಪ