ಗವರ್ನರ್ ಕಾರಿನ ಬಳಿ ಆಡಿದ ಮಾತು

ನವೆಂಬರ್ 8, ಮಂಗಳವಾರ

ಮಧ್ಯಾವಧಿ ಚುನಾವಣೆ ಮುಗಿಯಿತು. ಲೋರ್ನಾ ಸೋತಳು. ನಿದ್ದೆ ಬಾರದಿರುವುದು ಅದಕ್ಕಲ್ಲ.

ರಾಜ್ಯ ಶಾಸನಸಭೆಗೆ ನಿಂತಿದ್ದ ಅವಳಿಗಾಗಿ ಬೇಸಿಗೆಯಿಡೀ ಐಯೋವಾದ ಈ ಜೋಳದ ಸೀಮೆಯಲ್ಲಿ ಮನೆಮನೆಯ ಬಾಗಿಲು ತಟ್ಟಿದವನು ನಾನೇ. ಫಲಿತಾಂಶ ಕೇಳಲು ಊರ ಸಭಾಂಗಣದಲ್ಲಿ ಸೇರಿದ್ದೆವು. ಮುಂದಿನ ಸಲ ದೇಶದ ಅಧ್ಯಕ್ಷ ಪದವಿಗೆ ನಿಲ್ಲುತ್ತಾರೆಂದು ಎಲ್ಲರೂ ಹೇಳುವ ಆ ಹೊರರಾಜ್ಯದ ಗವರ್ನರ್ ಕೂಡ ಬಂದಿದ್ದರು. ಲೋರ್ನಾ ಸೋಲೊಪ್ಪಿ ಮಾತಾಡಲು ಎದ್ದಾಗ ಅವರು ಹೊರಟರು. ನಾನು ಕಾರಿನ ತನಕ ಅವರ ಹಿಂದೆ ಓಡಿದೆ.

"ಪಾಪ, ಆಯಮ್ಮ ಯಾಕೆ ಸೋತ್ರು?" ಎಂದರು.

"ಅವಳು ಗೆಲ್ಲೋ ಕುದುರೆ ಅಲ್ಲ ಸರ್, ನಂಗೆ ಮೊದಲೇ ಗೊತ್ತಿತ್ತು. ನೀವು ನಿಂತ್ರೆ ಈ ಜಿಲ್ಲೆ ನನಗೆ ಬಿಡಿ," ಎಂದೆ.

ಅವಳ ಭಾಷಣ ಯಾವಾಗ ಮುಗಿಯಿತೋ. ತಿರುಗಿದರೆ, ಗವರ್ನರ್ ಮರೆತುಬಂದ ಕೋಟು ಹಿಡಿದು ಲೋರ್ನಾ ನಿಂತಿದ್ದಳು. ಕೋಟು ಅವರಿಗೆ ಕೊಟ್ಟು ನನ್ನ ಕಡೆ ನೋಡಿ, "ಆರ್ಲೋ, ಬೆಳಗ್ಗಿಂದ ಏನೂ ತಿಂದಿಲ್ಲ ಅಲ್ವಾ ನೀನು? ತಟ್ಟೆ ಮುಚ್ಚಿಟ್ಟಿದೀನಿ, ಬಾ," ಎಂದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೋಗಿ ಉಂಡೆ ಕೂಡ, ಅವಳ ಎದುರೇ ಕೂತು. ನಾಳೆ ಇಬ್ಬರೂ ರಸ್ತೆಬದಿಯ ಪ್ರಚಾರದ ಬೋರ್ಡುಗಳನ್ನು ಕೀಳಬೇಕು. ಏನೆಂದು ಶುರು ಮಾಡಲಿ? ಲೋರ್ನಾ, ನಾನು…